ಹೊಟ್ಟೆ ಕರಗಿಸಿಕೊಂಡ ಅಡಿಗೆ ಭಟ್ರು

ಅಡಿಗೆ ಭಟ್ರ ಓಟದ ಮೊದಲ ಖರ್ಚು ಒಂದು ಮಾವಿನ ಮರ. ಓಡಿದ್ದು ಅವರು, ಮರ ಕಡಿದದ್ದು ಊರವರು, ನಷ್ಟ ಆದದ್ದು ನನಗೆ. ಕಾಟು ಮಾವಿನ ಮರ ಅದು. ಅದರ ಮಿಡಿ ಉಪ್ಪಿಗೆ ಹಾಕಿದರೆ ಎರಡು ಮಳೆಗಾಲ ಕಳೆದರೂ ಗಟ್ಟಿಯಾಗಿಯೇ ಇರುತ್ತಿತ್ತು. ಅಂಥ ಮರ ಈಗ ದುಡ್ಡು ಹಿಡಿದು ಹುಡುಕಿದರೂ ಸಿಗುದಿಲ್ಲ.

ಕಡಿದದ್ದು ಯಾಕೆ ಎಂದು ಹೇಳುತ್ತೇನೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಬೆಳ್ಳಾರೆ ಕಡೆ ಆಗ ದೊಡ್ಡವರು ಓಡುತ್ತಿರಲಿಲ್ಲ. ಮಕ್ಕಳು ಓಡುತ್ತಿದ್ದರು, ಹಗ್ಗ ಬಿಚ್ಚಿಕೊಂಡ ಕರು ಓಡುತ್ತಿತ್ತು, ಬಸ್ಸು ಹೊರಡುವಾಗ ಯಾರಾದರೂ ನಾಲ್ಕು ಹೆಜ್ಜೆ ಓಡುತ್ತಿದ್ದರು, ಅಷ್ಟೆ. ನಲವತ್ತು ದಾಟಿದ ಗಂಡಸು ಬೆಳಬೆಳಗ್ಗೆ ಮಾರ್ಗದಲ್ಲಿ ಓಡಿದ ಎಂದರೆ ಎಲ್ಲಿಯೋ ಯಾರೋ ತೀರಿಹೋಗಿದ್ದಾರೆ, ಈತ ಸುದ್ದಿ ಮುಟ್ಟಿಸಲು ಹೊರಟಿದ್ದಾನೆ ಎಂದೇ ಅರ್ಥ. ಇನ್ನು, ಸಾವಿನ ಮನೆಗೆ ಹೋದವರು ನಮ್ಮಲ್ಲಿ ಏನನ್ನೂ ಕೇಳುದಿಲ್ಲ. ಅಳುವವರ ಹತ್ತಿರ ಎಂತ ಕೇಳುದು? ಹೋದವರೇ ಕೆಲಸ ಹಂಚಿಕೊಳ್ಳುತ್ತಾರೆ. ಒಬ್ಬ ಬಿದಿರು ತರುತ್ತಾನೆ, ನಾಲ್ಕು ಜನ ಕೊಡಲಿ ಹಿಡಿದು ಚಿತೆಗೆಂದು ಮಾವಿನ ಮರದ ಬುಡಕ್ಕೆ ಹೋಗುತ್ತಾರೆ.

ನನ್ನ ತಂದೆ ಆಗ ಹಾಸಿಗೆ ಹಿಡಿದಿದ್ದರು. ಇವತ್ತೋ ನಾಳೆಯೋ ಎಂದು ಊರೇ ಹೇಳುತ್ತಿತ್ತು. ಅಂಥ ಒಂದು ಬೆಳಗ್ಗೆ ಅಡಿಗೆ ಭಟ್ರು ನಮ್ಮ ಮನೆಯ ಎದುರಿನಿಂದ ಬಾಯಿ ತೆರೆದುಕೊಂಡು, ಎದೆಗೆ ಕೈ ಒತ್ತಿಕೊಂಡು ಪೆರುವಾಜೆ ಕಡೆಗೆ ಓಡಿದ್ದನ್ನು ಚಾದ ಹೋಟೆಲಿನವರು ನೋಡಿದರು. ಒಲೆಯ ಬೆಂಕಿ ಎಳೆದು, 'ಅಜ್ಜ ಹೋದ್ರು, ಪಾಪ' ಎಂದು ಕೊಡಲಿ ತೆಗೆದುಕೊಂಡು ಹೊರಟೇಬಿಟ್ಟರು. ಜೊತೆಗೆ ಚಾ ಕುಡಿಯುತ್ತಿದ್ದವರೂ ಬಂದರು. ನಾನು ಹೊಳೆಬದಿಯ ಗದ್ದೆಗೆ ಹೋಗಿದ್ದೆ. ಮನೆಯವಳು ನಾನೇ ಮರ ಕಡಿಯಲು ಜನ ಹೇಳಿದ್ದೇನೆಂದು ತಿಳಿದು ಅವರಿಗೆಲ್ಲ ಚಾ, ಅವಲಕ್ಕಿ ಕೊಟ್ಟಳು. ಇಂಥ ಹೊತ್ತಿನಲ್ಲೂ ಎಷ್ಟು ಗಟ್ಟಿ ಹೆಂಗಸು ಎಂದು ಅವರು ಮೆಚ್ಚಿಕೊಂಡು ತಿಂದರಂತೆ.

ನಾನು ಬರುವಾಗ ಮರ ಅಡ್ಡ ಬಿದ್ದಿತ್ತು. ಸದ್ದಿಗೆ ತಂದೆ ಕೋಲೂರಿಕೊಂಡು ಜಗಲಿಗೆ ಬಂದಿದ್ದರು.

'ಯಾರು ಹೋದದ್ದು?' ಎಂದು ಕೇಳಿದರು.

ಹೋಟೆಲಿನವರು ಕೊಡಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡರು. ಕಡೆಗೆ ಒಬ್ಬ ಹೇಳಿದ, 'ನೀವೇ ಅಂತ ಗ್ರಹಿಸಿದ್ದು, ಅಜ್ಜ.'

ತಂದೆ ಮರವನ್ನೊಮ್ಮೆ ನೋಡಿದರು, ಅವರನ್ನೊಮ್ಮೆ ನೋಡಿದರು. 'ಹಾಗಾದ್ರೆ ನನಗೂ ಒಂದು ಚಾ ಕೊಡಿ, ಬಂದವರಿಗೆಲ್ಲ ಕೊಟ್ಟಿದ್ದೀರಲ್ಲ' ಎಂದರು. ಆಮೇಲೆ ಅವರು ಸುಮಾರು ಕಾಲ ಬದುಕಿದರು.

ಸಾಯಂಕಾಲ ಭಟ್ರು ನನ್ನ ಜೀನಸು ಅಂಗಡಿಗೆ ಬಂದು ಅಕ್ಕಿಮೂಟೆಯ ಮೇಲೆ ಕುಳಿತರು. ಅವರ ಹೆಸರು ಇಲ್ಲಿ ಬೇಡ. ಊರಿಗೆಲ್ಲ ಅವರು ಅಡಿಗೆ ಭಟ್ರು. ಮದುವೆ, ಗೃಹಪ್ರವೇಶ, ಸತ್ತವರ ಬೊಜ್ಜ, ಯಾವುದಿದ್ದರೂ ಸಾಮಾನು ನನ್ನದು, ಸೌಟು ಅವರದು. ದೊಡ್ಡ ಆಳು. ಹೊಟ್ಟೆ ಮೊದಲು ಬರುತ್ತಿತ್ತು, ಭಟ್ರು ಆಮೇಲೆ ಬರುತ್ತಿದ್ದರು. ಬೆಂಕಿಯ ಹತ್ತಿರ ಮಾತಾಡುವ ಅಭ್ಯಾಸ ಅವರಿಗೆ. 'ಸ್ವಲ್ಪ ತಡಿ ಮಾರಾಯ, ನಿನಗೆಂತ ಅರ್ಜೆಂಟು' ಎಂದು ಒಲೆಗೆ ಹೇಳುತ್ತಿದ್ದರು. ಉಪ್ಪು ಸರಿಯಾಯಿತೋ ಎಂದು ನಾಲಗೆಯಲ್ಲಿ ನೋಡುತ್ತಿರಲಿಲ್ಲ, ಕೊಪ್ಪರಿಗೆಯ ಹಬೆಗೆ ಮೂಗು ಹಿಡಿಯುತ್ತಿದ್ದರು. ಊಟ ಹೇಗಾಯಿತೆಂದು ಯಾರ ಹತ್ತಿರವೂ ಕೇಳುತ್ತಿರಲಿಲ್ಲ. ಪಂಕ್ತಿ ಎದ್ದ ಮೇಲೆ ಹಿತ್ತಲಿಗೆ ಹೋಗಿ, ಬಿಸಾಡಿದ ಎಲೆಗಳನ್ನು ನೋಡಿ ಬರುತ್ತಿದ್ದರು. ಯಾವುದು ಉಳಿದಿದೆ, ಯಾವುದು ಉಳಿದಿಲ್ಲ ಎಂಬುದು ಅಲ್ಲಿ ಗೊತ್ತಾಗುತ್ತಿತ್ತು. ನಾಲ್ಕು ಜನ ಬಾಯಲ್ಲಿ ಹೊಗಳಿದ್ದಕ್ಕಿಂತ ಅದು ನಂಬಿಕೆಯದ್ದು ಎಂದು ನನಗೂ ಆಮೇಲೆ ಮನವರಿಕೆಯಾಯಿತು. ಅಂಗಡಿಯಲ್ಲಿ ಗಿರಾಕಿ ಏನು ಹೇಳುತ್ತಾನೆ ಎಂದು ನೋಡಬೇಡಿ, ಏನನ್ನು ಮುಟ್ಟಿ ವಾಪಸು ಇಡುತ್ತಾನೆ ನೋಡಿ.

'ಮರದ ವಿಷಯ ಎಂತ ಮಾಡುವಾ?' ಎಂದರು ಭಟ್ರು ತಲೆ ತಗ್ಗಿಸಿ.

'ಮರ ಹೋಯ್ತು, ಬಿಡಿ. ನೀವು ಓಡಿದ್ದು ಎಂತಕ್ಕೆ ಅದು ಹೇಳಿ.'

ಆಗ ಹೇಳಿದರು. ರಾಮಕುಂಜದ ಹತ್ತಿರ ಒಂದು ಮದುವೆಯಲ್ಲಿ ಅನ್ನ ಬಸಿಯುವಾಗ ಅವರಿಗೆ ಕಣ್ಣು ಕತ್ತಲೆ ಬಂದಿತ್ತು. ಕೊಪ್ಪರಿಗೆಯ ಒಟ್ಟಿಗೆ ಒಲೆಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಪುತ್ತೂರಿನ ಡಾಕ್ಟ್ರು ಎದೆಗೆ ಕೊಳವೆ ಇಟ್ಟು ನೋಡಿ, 'ಈ ಹೊಟ್ಟೆ ಕರಗದಿದ್ದರೆ ಸೌಟು ಕೆಳಗಿಡಿ' ಎಂದರಂತೆ. ಸೌಟು ಕೆಳಗಿಟ್ಟರೆ ಅವರಿಗೆ ಬೇರೆ ಏನೂ ಗೊತ್ತಿರಲಿಲ್ಲ. ಗದ್ದೆ ತೋಟದ ಜಾಗ ಇರಲಿಲ್ಲ. ಮನೆಯಲ್ಲಿ ಹೆಂಡತಿ, ಮದುವೆಗೆ ಬಂದ ಮಗಳು.

'ನಡೀರಿ ಅಂತ ಹೇಳ್ಲಿಲ್ವಾ ಡಾಕ್ಟ್ರು? ಓಡ್ಲಿಕ್ಕೆ ಹೇಳಿದ್ರಾ?'

'ನಡೀಲಿಕ್ಕೇ ಹೇಳಿದ್ದು. ನಡೀಲಿಕ್ಕೆ ಬಿಡ್ಬೇಕಲ್ಲ ನಮ್ಮವರು. ಒಬ್ಬ ನಿಲ್ಲಿಸಿ ಮಗಳ ಮದುವೆಗೆ ಎಷ್ಟು ಬೇಳೆ ಬೇಕು ಕೇಳ್ತಾನೆ, ಇನ್ನೊಬ್ಬ ಹೋಳಿಗೆ ಯಾಕೆ ಹರೀತದೆ ಕೇಳ್ತಾನೆ. ಪೆರುವಾಜೆ ದಾರಿಯಲ್ಲಿ ಮೂರು ಮನೆಯಲ್ಲಿ ಕೂರಿಸಿ ಚಾ ಕೊಟ್ರು. ನಡೆದು ನಡೆದು ಹೊಟ್ಟೆ ಮತ್ತೆ ಬಂತು. ಓಡುವವನನ್ನು ಯಾರೂ ನಿಲ್ಲಿಸುದಿಲ್ಲ, ಅಲ್ವಾ?'

ಮಾತು ಸರಿಯೇ ಇತ್ತು. ಯಾರೂ ನಿಲ್ಲಿಸಿರಲಿಲ್ಲ. ಹಿಂದೆಯೇ ಕೊಡಲಿ ಹಿಡಿದುಕೊಂಡು ಬಂದಿದ್ದರು, ಅಷ್ಟೆ.

ಹೋಟೆಲಿನವರೇ ಒಂದು ದಾರಿ ಹುಡುಕಿದರು. 'ಭಟ್ರೇ, ನೀವು ಸುಮ್ಮನೆ ಓಡುದಾದ್ರೆ ಮುಟ್ಟಾಳೆ ಇಟ್ಟುಕೊಂಡು ಓಡಿ. ಬರಿತಲೆಯಲ್ಲಿ ಓಡಿದ್ರೆ ಮಾತ್ರ ನಾವು ಬರುದು' ಎಂದರು. ಮುಟ್ಟಾಳೆ ಎಂದರೆ ಅಡಿಕೆ ಹಾಳೆಯ ಟೋಪಿ. ಗದ್ದೆಗೆ ಹೋಗುವವರು ಇಡುವಂಥದ್ದು. ಸಾವಿನ ಸುದ್ದಿ ಒಯ್ಯುವವನು ಅದನ್ನು ಇಡುದಿಲ್ಲ. ಮಾರನೆಯ ದಿನದಿಂದ ಭಟ್ರು ಮುಟ್ಟಾಳೆ ಇಟ್ಟು, ಪಂಚೆಯನ್ನು ಕಚ್ಚೆ ಕಟ್ಟಿ ಹೊರಟರು. ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಪುತ್ತೂರಿನಲ್ಲಿ ನಾನೇ ಹೋಗಿ ಚೌಕಾಸಿ ಮಾಡಿ ತಂದುಕೊಟ್ಟದ್ದು. ಅಷ್ಟು ಅಗಲದ ಪಾದಕ್ಕೆ ಆಗುವ ಜೋಡಿ ಆ ಅಂಗಡಿಯಲ್ಲಿ ಧೂಳು ತಿನ್ನುತ್ತಾ ಬಹಳ ಸಮಯದಿಂದ ಕೂತಿತ್ತು ಎಂದು ಪೆಟ್ಟಿಗೆ ನೋಡಿದಾಗಲೇ ಗೊತ್ತಾಯಿತು. ಮಾರಾಟವಾಗದ ಮಾಲಿಗೆ ಅಂಗಡಿಯವ ಹೇಳಿದ ಕ್ರಯ ಕೊಡಬಾರದು. ಭಟ್ರು ಶೂ ಕೈಯಲ್ಲಿ ಹಿಡಿದು ಕೇಳಿದ್ದು ಒಂದೇ, 'ಇದ್ರಲ್ಲಿ ಚರ್ಮ ಇಲ್ಲ ಅಲ್ವಾ?'

ಮೊದಲ ವಾರ ಅವರು ಮೊದಲ ಮೋರಿ ದಾಟಲಿಲ್ಲ. ಹಾಲು ಉಕ್ಕಿದ ಹಾಗೆ ಹೊರಟು, ಮೋರಿಯ ಕಟ್ಟೆಯಲ್ಲಿ ಕೂತು ಏದುಸಿರು ಬಿಡುತ್ತಿದ್ದರು. ಒಂದು ದಿನ ನಾನು ಸೈಕಲಿನಲ್ಲಿ ಹೋಗುವಾಗ ಅಲ್ಲಿಯೇ ಸಿಕ್ಕಿದರು.

'ಬೆಂಕಿ ಹೆಚ್ಚಾಯ್ತು' ಎಂದರು ನನ್ನನ್ನು ನೋಡಿ. 'ಇಷ್ಟು ವರ್ಷ ಅಡಿಗೆ ಮಾಡಿ ನನಗೆ ಇದು ಗೊತ್ತಾಗ್ಲಿಲ್ಲ. ಕಾಶಿಹಲ್ವಕ್ಕೆ ಯಾರಾದ್ರೂ ಇಷ್ಟು ಬೆಂಕಿ ಕೊಡ್ತಾರಾ?'

ಮರುದಿನದಿಂದ ಸಣ್ಣ ಉರಿಯಲ್ಲಿ ಓಡಿದರು. ನೋಡುವವರಿಗೆ ನಗು ಬರುವಷ್ಟು ನಿಧಾನ. ಹುಲ್ಲು ಹೊತ್ತುಕೊಂಡು ಹೋಗುವ ಹೆಂಗಸರು ಅವರನ್ನು ದಾಟಿ ಹೋಗುತ್ತಿದ್ದರು. 'ಭಟ್ರೇ, ಹಿಂದಿನಿಂದ ನೂಕಬೇಕಾ?' ಎಂದು ಒಬ್ಬಳು ಕೇಳಿದರೆ, 'ಬೇಡ ಮಾರಾಯ್ತಿ, ತಳ ಹಿಡಿದೀತು' ಎನ್ನುತ್ತಿದ್ದರು. ಹಾಗೆ ಮೋರಿ ದಾಟಿತು, ಅದರ ಆಚೆಯ ಕಟ್ಟೆ ದಾಟಿತು, ಒಂದು ದಿನ ಪೆರುವಾಜೆ ಬಂತು.

ದೂರವನ್ನು ಅವರು ಅಳೆದದ್ದು ಬಸ್ಸಿನ ಸ್ಟಾಪಿನಲ್ಲಿ. ಒಂದು ಸ್ಟಾಪಿನವರೆಗೆ ಓಡುವುದು ಸಪ್ಪೆ ಎನಿಸಿದ ಮೇಲೆಯೇ ಮುಂದಿನ ಸ್ಟಾಪು. ಸಪ್ಪೆ ಎನಿಸುವ ಮೊದಲೇ ಮುಂದೆ ಹೋಗುತ್ತಿರಲಿಲ್ಲ. ನಾನು ಎಷ್ಟೋ ಸಲ ಕೇಳಿದ್ದೇನೆ, 'ನಾಳೆ ಇನ್ನೊಂದು ಸ್ಟಾಪು ಹೋಗ್ಬಹುದಲ್ಲ, ಭಟ್ರೇ?' ಎಂದು. 'ಇದು ಇನ್ನೂ ರುಚಿ ಉಂಟು, ಮಾರಾಯ್ರೆ' ಎಂದು ಅಲ್ಲಿಗೇ ಬಿಡುತ್ತಿದ್ದರು.

ವರ್ಷ ಕಳೆಯುವಾಗ ಹೊಟ್ಟೆ ಕರಗಿತು. ಕೆನ್ನೆ ಒಳಗೆ ಹೋಯಿತು. ಕೊಪ್ಪರಿಗೆ ಎತ್ತುವಾಗ ಕಣ್ಣು ಕತ್ತಲೆ ಬರುದು ನಿಂತಿತು. ಡಾಕ್ಟ್ರು ಖುಷಿಪಟ್ಟರು. ಭಟ್ರ ಕಷ್ಟ ಶುರುವಾದದ್ದು ಅಲ್ಲಿಂದಲೇ.

ವ್ಯಾಪಾರದಲ್ಲಿ ಇಷ್ಟು ವರ್ಷ ಕಳೆದ ನನಗೂ ಅದು ಮೊದಲೇ ಹೊಳೆಯಲಿಲ್ಲ. ಅಡಿಗೆಯವರಿಗೆ ಅವರ ಹೊಟ್ಟೆಯೇ ಬೋರ್ಡು. ಸಪೂರದ ಅಡಿಗೆಯವನನ್ನು ಯಾರು ಕರೆಯುತ್ತಾರೆ? ತಾನು ಮಾಡಿದ್ದನ್ನು ತಾನೇ ತಿನ್ನದವನು ಎಂದು ಒಬ್ಬರು ಹೇಳಿದರು. ಸಕ್ಕರೆ ಕಾಯಿಲೆಯಂತೆ ಎಂದು ಇನ್ನೊಬ್ಬರು. ಕೊನೆಗೆ ಯಾರ ಬಾಯಿಯಿಂದಲೋ ಕ್ಷಯ ಎಂಬ ಮಾತು ಹೊರಟಿತು. ಆ ಮಾತು ಒಮ್ಮೆ ಹೊರಟರೆ ಮುಗಿಯಿತು. ಕ್ಷಯ ಇದ್ದವನ ಕೈಯಿಂದ ಊರಿಗೆ ಊಟ ಹಾಕಿಸುವ ಧೈರ್ಯ ಯಾರಿಗುಂಟು? ಹೇಳಿಟ್ಟಿದ್ದ ಮದುವೆಯವರು ಒಬ್ಬೊಬ್ಬರೇ ಬಂದು, 'ಈ ಸಲ ಸಣ್ಣದಾಗಿ ಮಾಡ್ತೇವೆ, ಭಟ್ರೇ' ಎಂದು ಹೇಳಿ ಹೋದರು. ಅದೇ ಮನೆಗಳ ಸಾಮಾನು ನನ್ನ ಅಂಗಡಿಯಿಂದ ದೊಡ್ಡದಾಗಿಯೇ ಹೋಗುತ್ತಿತ್ತು. ಅದನ್ನು ಭಟ್ರಿಗೆ ಹೇಳಲಿಕ್ಕೂ ಆಗದೆ, ಹೇಳದಿರಲಿಕ್ಕೂ ಆಗದೆ ನಾನು ಒದ್ದಾಡಿದೆ. ಹೇಳುವ ಅಗತ್ಯವೇ ಇರಲಿಲ್ಲ. ಅಂಗಡಿ ಎದುರು ಮೂಟೆ ಹೊರುವುದನ್ನು ನೋಡಿದರೆ ಎಷ್ಟು ಎಲೆಯ ಊಟ ಎಂದು ಅವರಿಗೆ ಗೊತ್ತಾಗುತ್ತಿತ್ತು.

ನಾನು ಬುದ್ಧಿ ಹೇಳಿದೆ. ಸಲಹೆ ಕೊಡುವುದರಲ್ಲಿ ನಾನು ಯಾವತ್ತೂ ಕೈ ಬಿಗಿ ಹಿಡಿದವನಲ್ಲ. 'ಒಂದು ಸೀಸನ್ ಓಟ ಬಿಡಿ. ತುಪ್ಪ ತಿನ್ನಿ. ಹೊಟ್ಟೆ ಬರ್ಲಿ. ಹೆಸರು ಸರಿಯಾದ ಮೇಲೆ ಮತ್ತೆ ಓಡಿ.'

'ಬಿಟ್ರೆ ಪುನಃ ಕಣ್ಣು ಕತ್ತಲೆ ಬರ್ತದೆ. ಒಲೆಗೆ ಬಿದ್ದ ಅಡಿಗೆಯವನಿಗೆ ಎಂತ ಹೆಸರು?'

'ಹಾಗಾದ್ರೆ ಪಂಚೆಯ ಒಳಗೆ ಮೈ ಒರಸುವ ಒಂದು ಬೈರಾಸು ಸುತ್ತಿಕೊಳ್ಳಿ. ಹೊರಗಿನಿಂದ ಹೊಟ್ಟೆ ಕಾಣ್ತದೆ.'

ಇದನ್ನು ನಾನು ಗಂಭೀರವಾಗಿಯೇ ಹೇಳಿದ್ದು. ಭಟ್ರು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ಅಂಗಡಿಯಲ್ಲಿ ಬೆಲ್ಲ ತೂಗಿಸುತ್ತಿದ್ದ ಒಬ್ಬರು ಆ ಕೆಮ್ಮು ಕೇಳಿ ಸೆರಗನ್ನು ಮೂಗಿಗೆ ಹಿಡಿದು ಹೊರಗೆ ಹೋದರು. ಭಟ್ರ ನಗು ಅಲ್ಲಿಗೆ ನಿಂತಿತು. ಅವರನ್ನು ನಾನು ಅಷ್ಟು ಸಣ್ಣದಾಗಿ ಯಾವತ್ತೂ ನೋಡಿರಲಿಲ್ಲ.

ಅದೇ ಹೊತ್ತಿಗೆ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ಗಂಡು ಸವಣೂರಿನ ಕಡೆಯವನು, ಮದುವೆ ಪುತ್ತೂರಿನ ಒಂದು ಸಭಾಂಗಣದಲ್ಲಿ. ಅಡಿಗೆಗೆ ಭಟ್ರೇ ಎಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ನಮ್ಮಲ್ಲಿ ಸೋದರಮಾವನ ಮಾತೇ ಕೊನೆ. ಗಂಡಿನ ಸೋದರಮಾವ ದೊಡ್ಡ ಕುಳ. ಸವಣೂರಿನಿಂದ ಕಡಬದವರೆಗೆ ಅವರ ಮಾತಿಗೆ ತೂಕ ಇತ್ತು. ಅವರು ನನ್ನನ್ನು ಕೂರಿಸಿ ಹೇಳಿದರು, 'ನಿಮ್ಮ ತಂಗಿ ನಮ್ಮ ಮನೆಗೆ ಬರ್ಲಿ, ಸಂತೋಷ. ಆ ಭಟ್ರು ಬೇಡ. ನನಗೆ ಹೇಳಿದವರುಂಟು.'

'ಎಂತ ಹೇಳಿದ್ದು?'

'ಉಸಿರು ಇಲ್ವಂತೆ ಅವರಿಗೆ. ಆರು ತಿಂಗಳ ಗಿರಾಕಿಯಂತೆ.'

ಇಂಥವರು ಬೇಡ ಎಂದರೆ ಭಟ್ರಿಗೆ ಪುತ್ತೂರಿನಿಂದ ಕಡಬದವರೆಗೆ ಒಂದೂ ಒಲೆ ಸಿಗುದಿಲ್ಲ ಎಂದು ನನಗೆ ಗೊತ್ತಿತ್ತು. ಸುಮ್ಮನೆ ಎದ್ದು ಬರಬಹುದಿತ್ತು. ಆದರೆ ಮಾತು ಮುರಿಯುವ ಜಾಗದಲ್ಲಿ ಎದ್ದು ಬರುವವನು ವ್ಯಾಪಾರ ಮಾಡಬಾರದು. ನಾನು ಹೇಳಿದೆ, 'ಉಸಿರು ಇಲ್ಲದವರು ಬೆಳ್ಳಾರೆಯಿಂದ ನಿಮ್ಮ ಮನೆಯವರೆಗೆ ಓಡಿ ಬಂದಾರಾ? ಮದುವೆಯ ಮುಂಚಿನ ದಿನ ಬೆಳಗ್ಗೆ ಮಾರ್ಗದ ಬದಿಯ ನಿಮ್ಮ ತಡಮೆ ಗೇಟಿನ ಹತ್ತಿರ ನಿಂತು ನೋಡಿ. ಓಡಿ ಬಂದ್ರೆ ಅಡಿಗೆ ಅವರದ್ದು. ಇಲ್ಲದಿದ್ರೆ ನೀವು ಹೇಳಿದ ಅಡಿಗೆಯವರು, ಒಂದು ಮಾತಿಲ್ಲ.'

ಅವರು ವೀಳ್ಯ ಜಗಿಯುತ್ತಾ ಯೋಚಿಸಿದರು. 'ಆಗ್ಲಿ' ಎಂದರು.

ಭಟ್ರಿಗೆ ತಿಳಿಸಿದಾಗ ಅವರು ಬೇರೆಯೇ ಹೇಳಿದರು. 'ಸವಣೂರಿನವರೆಗೆ ಓಡಿದ್ರೆ ಸವಣೂರಿನವರು ನಂಬ್ತಾರೆ. ಪುತ್ತೂರಿನವರೆಗೆ ಓಡಿದ್ರೆ ದಾರಿಯವರೆಲ್ಲ ನಂಬ್ತಾರೆ. ಮದುವೆಯ ಅಡಿಗೆಗೆ ಹೇಳ್ಲಿಕ್ಕೆ ದಾರಿಯವರೇ ಅಲ್ವಾ ಬರುದು? ನಾನು ಪುತ್ತೂರಿಗೆ ಓಡ್ತೇನೆ.'

ಅಷ್ಟು ದೂರ ಅವರು ಆವರೆಗೆ ಓಡಿದವರೇ ಅಲ್ಲ. ಆಗ ಅವರ ಸ್ಟಾಪು ಪೆರುವಾಜೆಯಿಂದ ಸ್ವಲ್ಪ ಮುಂದೆ, ಅಷ್ಟೆ. ಮದುವೆಗೆ ಎರಡು ತಿಂಗಳು ಚಿಲ್ಲರೆ ಇತ್ತು. ಕೆಲಸ ಇಲ್ಲದ್ದರಿಂದ ಹೊತ್ತು ಬೇಕಾದಷ್ಟಿತ್ತು. ಆದರೂ ಅವರು ತಮ್ಮ ಕ್ರಮ ಬಿಡಲಿಲ್ಲ. ಒಂದು ಸ್ಟಾಪು ಸಪ್ಪೆಯಾಗಬೇಕು, ಆಮೇಲೆ ಮುಂದಿನದು. ಸವಣೂರು ಮುಟ್ಟಿ, ಅದನ್ನು ದಾಟಿ ಸ್ವಲ್ಪ ದೂರ ಹೋಗಿ ಬರುವಷ್ಟರಲ್ಲಿ ಮದುವೆ ಹತ್ತಿರ ಬಂತು.

'ಒಮ್ಮೆ ಪೂರ್ತಿ ಓಡಿ ನೋಡಿ, ಭಟ್ರೇ. ನನಗೆ ಹೆದರಿಕೆ ಆಗ್ತದೆ' ಎಂದೆ.

'ಮದುವೆಯ ಅಡಿಗೆಯನ್ನು ಹಿಂದಿನ ದಿನ ಪೂರ್ತಿ ಮಾಡಿ ನೋಡುದುಂಟಾ?' ಎಂದರು.

ಆ ದಿನ ಬೆಳ್ಳಿ ಮೂಡುವ ಹೊತ್ತಿಗೆ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿದು ಭಟ್ರು ಹೊರಟರು. ನಾನು ಬಾಡಿಗೆ ಜೀಪಿನಲ್ಲಿ ಕೊಪ್ಪರಿಗೆ, ಅಕ್ಕಿ, ತೆಂಗಿನಕಾಯಿ ತುಂಬಿಕೊಂಡು ಹಿಂದೆಯೇ ಹೊರಟೆ. ಸ್ವಲ್ಪ ದೂರ ಹೋಗುವಾಗ ಭಟ್ರು ತಿರುಗಿ, 'ನಿಮ್ಮ ಹೊಗೆ ನನ್ನ ಮೂಗಿಗೆ ಬರ್ತದೆ, ಮುಂದೆ ಹೋಗಿ' ಎಂದು ಕೈ ಬೀಸಿದರು. ಮುಂದೆ ಹೋಗಿ ಸವಣೂರಿನಲ್ಲಿ ಸೋದರಮಾವನ ಮನೆಯ ಎದುರು ಜೀಪು ನಿಲ್ಲಿಸಿದೆ. ಅವರು ಶಾಲು ಹೊದ್ದು, ಮಾರ್ಗದ ಬದಿಗೆ ಕುರ್ಚಿ ಹಾಕಿಸಿ ಕೂತಿದ್ದರು. ನೆರೆಕರೆಯವರೂ ಬಂದಿದ್ದರು. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಭಟ್ರು ಏದುಸಿರು ಬಿಡುತ್ತಾ ಬಂದರೆ ಇವರಿಗೆ ಅಷ್ಟೇ ಸಾಕು, 'ನೋಡಿ, ನಾನು ಹೇಳ್ಲಿಲ್ವಾ' ಎನ್ನುತ್ತಾರೆ.

ತಿರುವಿನಲ್ಲಿ ಮೊದಲು ಮುಟ್ಟಾಳೆ ಕಾಣಿಸಿತು. ಆಮೇಲೆ ಭಟ್ರು. ಬೆವರಿನಲ್ಲಿ ಅಂಗಿ ಮೈಗೆ ಅಂಟಿತ್ತು. ಬಾಯಿ ಮುಚ್ಚಿತ್ತು. ಸೋದರಮಾವ ಕುರ್ಚಿಯಿಂದ ಎದ್ದರು. ಭಟ್ರು ನಿಲ್ಲಲಿಲ್ಲ, ನಮಸ್ಕಾರವನ್ನೂ ಓಡುತ್ತಲೇ ಮಾಡಿದರು.

'ಧಣಿಗಳೇ, ನಿಮ್ಮ ಕಡೆಯವರಿಗೆ ಪಾಯಸ ಹಾಲಿಂದಾ, ಕಾಯಿಹಾಲಿಂದಾ?'

'ಕಾಯಿಹಾಲಿಂದು. ಕಡ್ಲೆಬೇಳೆ ಹಾಕಿ' ಎಂದರು ಅವರು, ಯೋಚನೆ ಮಾಡದೆ.

'ಬೆಲ್ಲ ಮುಂದಾ, ಹದಾ?'

'ಸ್ವಲ್ಪ ಮುಂದಿರ್ಲಿ. ಕೇಳಿ ಭಟ್ರೇ, ಸಾಂಬಾರಿಗೆ ಸೌತೆ ಬೇಡ. ಕುಂಬಳ.'

ಅಷ್ಟರಲ್ಲಿ ಭಟ್ರು ಅವರನ್ನು ದಾಟಿ ಹತ್ತು ಮಾರು ಹೋಗಿದ್ದರು. ಕುಂಬಳದ ಮಾತು ಅರ್ಧಕ್ಕೆ ನಿಂತದ್ದು ಸೋದರಮಾವನಿಗೆ ಸರಿಹೋಗಲಿಲ್ಲ. ಪಂಚೆ ಎತ್ತಿ ಕಟ್ಟಿ, ಶಾಲನ್ನು ನೆರೆಯವನ ಕೈಗೆ ಕೊಟ್ಟು ಹಿಂದೆಯೇ ಓಡಿದರು. 'ಸೌತೆ ಹಾಕಿದ್ರೆ ನೀರಾಗ್ತದೆ.' 'ಬಲಿತ ಸೌತೆ ತಂದ್ರೆ ನೀರಾಗುದಿಲ್ಲ, ಧಣಿ.' 'ನಮ್ಮಲ್ಲಿ ಕುಂಬಳವೇ.' 'ಹಾಗಾದ್ರೆ ಕುಂಬಳ, ಆದ್ರೆ ತೊವ್ವೆಗೆ ಸೌತೆ ಹಾಕ್ತೇನೆ.' ಇಬ್ಬರೂ ಮಾತಾಡಿಕೊಂಡೇ ಮುಂದಿನ ತಿರುವಿನವರೆಗೆ ಹೋದರು. ನೆರೆಕರೆಯವರು ಬಾಯಿಬಿಟ್ಟು ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಸೋದರಮಾವ ಒಬ್ಬರೇ, ಸೊಂಟಕ್ಕೆ ಕೈ ಕೊಟ್ಟು, ನಡೆದುಕೊಂಡು ಬಂದರು. ಕುರ್ಚಿಯಲ್ಲಿ ಕೂತು ನೀರು ಕೇಳಿದರು. ಕುಡಿದ ಮೇಲೂ ಬಹಳ ಹೊತ್ತು ಮಾತಾಡಲು ಆಗಲಿಲ್ಲ.

'ಅಡಿಗೆ...' ಎಂದು ನಾನೇ ಶುರು ಮಾಡಿದೆ.

'ಅವರೇ ಮಾಡ್ಲಿ' ಎಂದರು. 'ಕುಂಬಳ ಮರೀಬೇಡಿ.'

ನನ್ನ ಕೆಲಸ ಅಲ್ಲಿಗೆ ಆಯಿತು. ಭಟ್ರದ್ದು ಆಗಿರಲಿಲ್ಲ. ನರಿಮೊಗರು ದಾಟುವಾಗ ಬಿಸಿಲು ಏರಿತ್ತು. ಮುಕ್ವೆ ದಾಟಿ ನಾನು ಜೀಪು ನಿಲ್ಲಿಸಿ ಕಾದೆ, ಕಾದೆ, ಬರಲಿಲ್ಲ. ಹಿಂದೆ ಹೋದರೆ ಮುಕ್ವೆಯ ಮೋರಿಯ ಕಟ್ಟೆಯಲ್ಲಿ ಕೂತಿದ್ದರು. ಎರಡೂ ತೊಡೆ ಕಲ್ಲಿನ ಹಾಗಾಗಿತ್ತು. ಶೂ ಬಿಚ್ಚಿದ್ದರು. ಹಿಮ್ಮಡಿ ಸುಲಿದಿತ್ತು. ಬೆಲ್ಲ ನಿಂಬೆಹುಳಿಯ ನೀರು ಕೊಟ್ಟೆ, ಕುಡಿದರು.

'ಭಟ್ರೇ, ಜೀಪು ಹತ್ತಿ. ಸವಣೂರು ದಾಟಿದ್ದೀರಿ, ಅಡಿಗೆ ನಿಮ್ಮದಾಯ್ತು. ಪೇಟೆ ಬರುವಾಗ ಇಳಿಸ್ತೇನೆ, ಅಲ್ಲಿಂದ ಓಡಿ. ರಾತ್ರಿಯಿಡೀ ಒಲೆ ಎದುರು ನಿಲ್ಲಬೇಕಲ್ಲ ನೀವು.'

ಭಟ್ರು ಎದ್ದರು. ಕಾಲು ತಿಕ್ಕಿಕೊಂಡು, ಶೂಗಳ ಲೇಸು ಒಂದಕ್ಕೊಂದು ಗಂಟು ಹಾಕಿ ಹೆಗಲಿಗೆ ಹಾಕಿ, ಬರಿಗಾಲಲ್ಲಿ ನಡೆಯಲು ಶುರು ಮಾಡಿದರು. ನಾನು ಜೀಪನ್ನು ಮುಂದೆ ಕಳಿಸಿ ಅವರ ಜೊತೆ ನಡೆದೆ. ದಾರಿಯಲ್ಲಿ ಅವರು ಮಾತಾಡಿದ್ದೆಲ್ಲ ಮಾರನೆಯ ದಿನದ ಅಡಿಗೆಯದ್ದೇ.

ಸಭಾಂಗಣದ ಎದುರು ಜನ ಸೇರಿದ್ದರು. ಸವಣೂರಿನ ಸುದ್ದಿಯನ್ನು ಬೆಳಗ್ಗಿನ ಬಸ್ಸು ನಮಗಿಂತ ಮೊದಲೇ ತಂದಿತ್ತು. 'ಬೆಳ್ಳಾರೆಯಿಂದ ಓಡಿದ್ದಂತಲ್ಲ, ಭಟ್ರೇ?' ಎಂದು ಯಾರೋ ಕೇಳಿದರು. ನಾನು ಹೌದು ಎನ್ನಲು ಬಾಯಿ ತೆರೆಯುವ ಮೊದಲೇ ಭಟ್ರು ಹೇಳಿದರು, 'ಮುಕ್ವೆವರೆಗೆ ಓಡಿದ್ದು. ಅಲ್ಲಿಂದ ಇಲ್ಲಿಗೆ ನಡೆದದ್ದು.'

ಒಳಗೆ ಹೋದ ಮೇಲೆ ನಾನು ಸ್ವಲ್ಪ ಬಿಸಿಯಾಗಿಯೇ ಕೇಳಿದೆ, 'ಅವರು ನಡೆದದ್ದು ಕೇಳಿದ್ರಾ? ನೀವಾಗಿ ಯಾಕೆ ಹೇಳ್ಬೇಕಿತ್ತು?'

'ಉಪ್ಪು ಕಮ್ಮಿಯಾದ್ರೆ ಬಡಿಸುವ ಮೊದಲು ಹೇಳ್ಬೇಕು, ಮಾರಾಯ್ರೆ. ಎಲೆಗೆ ಬಿದ್ದ ಮೇಲೆ ಅವರೇ ಹೇಳ್ತಾರೆ' ಎಂದು ಒಲೆ ಹತ್ತಿಸಲು ಕೂತರು.

ಮದುವೆಯ ಊಟದಲ್ಲಿ ಸೋದರಮಾವ ಪಾಯಸಕ್ಕೆ ಮೂರು ಸಲ ಕೈ ಮುಂದೆ ಮಾಡಿದರು. ಅವರು ಉಂಡದ್ದನ್ನು ನೋಡಿ ಉಳಿದವರೂ ಧೈರ್ಯವಾಗಿ ಉಂಡರು. ಪಂಕ್ತಿ ಎದ್ದ ಮೇಲೆ ಭಟ್ರು ಕುಂಟುತ್ತಾ ಹಿತ್ತಲಿಗೆ ಹೋಗಿ ಎಲೆಗಳನ್ನು ನೋಡಿ ಬಂದರು. ಎಲೆಯಡಿಕೆ ಹಾಕಿಕೊಂಡರು. ಒಳ್ಳೆಯದಾದ ದಿನ ಮಾತ್ರ ಅವರು ಎಲೆಯಡಿಕೆ ಹಾಕುತ್ತಿದ್ದದ್ದು.

ಆ ಸೀಸನ್ನಿನಲ್ಲಿ ಬಿಟ್ಟುಹೋದ ಮನೆಗಳು ಒಂದೊಂದೇ ವಾಪಸು ಬಂದವು. ಕಡಬದ ಕಡೆಯ ಒಬ್ಬರು ಬಂದು, 'ಅಡಿಗೆಗೆ ನೀವೇ. ಆದ್ರೆ ಬರುವಾಗ ಓಡಿಕೊಂಡೇ ಬರ್ಬೇಕು, ನಾಲ್ಕು ಜನ ನೋಡ್ಲಿ' ಎಂದರು. ಓಡಿ ಬಂದರೆ ಇಷ್ಟು, ಬಸ್ಸಿನಲ್ಲಿ ಬಂದರೆ ಇಷ್ಟು ಎಂದು ನನ್ನ ತಲೆಯಲ್ಲಿ ಆಗಲೇ ಎರಡು ದರ ತಯಾರಾಗಿತ್ತು. ಭಟ್ರು ನನ್ನ ಕಡೆ ನೋಡಲೇ ಇಲ್ಲ. 'ಅಡಿಗೆಗೆ ಕರೆದ್ರೆ ಬಸ್ಸಲ್ಲಿ ಬರ್ತೇನೆ. ಓಡುದು ನನ್ನದು, ಅದು ಅಡಿಗೆಯ ಒಟ್ಟಿಗೆ ಬರುದಿಲ್ಲ' ಎಂದರು. ನನ್ನ ಜೀವನದಲ್ಲಿ ನಾನು ಚೌಕಾಸಿ ಮಾಡಲಾಗದೆ ಬಿಟ್ಟ ಕೆಲವೇ ಮಾತುಗಳಲ್ಲಿ ಅದು ಒಂದು.

ಆ ಮಳೆಗಾಲ ಕಳೆದ ಮೇಲೆ ಒಂದು ದಿನ ಬಸ್ಸಿನ ಕಂಡಕ್ಟರ್ ಅಂಗಡಿಗೆ ಬಂದವನು ಹೇಳಿದ, 'ನಿಮ್ಮ ಭಟ್ರು ಇವತ್ತು ಬೆಳಗ್ಗೆ ಪುತ್ತೂರು ಸ್ಟ್ಯಾಂಡಿನಲ್ಲಿ ಹತ್ತಿದ್ರು. ಮೈಯೆಲ್ಲ ಬೆವರು. ಸೀಟಲ್ಲಿ ಕೂತದ್ದೇ ನಿದ್ದೆ, ಬೆಳ್ಳಾರೆಯಲ್ಲಿ ನಾನೇ ಎಬ್ಬಿಸಿದ್ದು.' ಸಾಯಂಕಾಲ ಭಟ್ರು ಬಂದಾಗ ಕೇಳಿದೆ. 'ಹೌದು, ಮುಕ್ವೆಯಿಂದ ಆಚೆಯದ್ದು ಬಾಕಿ ಇತ್ತಲ್ಲ' ಎಂದರು. ಪೂರ್ತಿ ಓಡಿದಿರಾ ಎಂದರೆ, 'ಪೂರ್ತಿ' ಎಂದರು. ಅಷ್ಟೇ. ನಾನು ಒಂದು ಬೆಲ್ಲದ ಅಚ್ಚು ತೆಗೆದುಕೊಟ್ಟೆ. ಅಂಗಡಿಯಲ್ಲಿ ಸುಮ್ಮನೆ ಕೊಡುವ ಅಭ್ಯಾಸ ನನಗಿಲ್ಲ, ಅದು ಅವರಿಗೂ ಗೊತ್ತಿತ್ತು. ಅಲ್ಲಿಯೇ ಕೂತು ತಿಂದರು.

ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರಿಲ್ಲ. ಕಡಬಕ್ಕೆ ಓಡಿದರು, ರಾಮಕುಂಜಕ್ಕೆ ಓಡಿದರು. ಮಗಳನ್ನು ಕೊಲ್ಲಮೊಗ್ರಿಗೆ ಕೊಟ್ಟ ಮೇಲೆ ಗುತ್ತಿಗಾರು ದಾಟಿ ಅಲ್ಲಿಗೂ ಒಮ್ಮೆ ಓಡಿದರು. ಮಗಳು ಬೈದು ಗಂಜಿ ಬಡಿಸಿದಳಂತೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸೌಟನ್ನು ಶಿಷ್ಯರಿಗೆ ಬಿಟ್ಟು ಅದೇ ಮಗಳ ಮನೆಗೆ ಹೋದರು. ಅಲ್ಲಿಯೇ ತೀರಿಕೊಂಡರು. ಊರವರು ಕೊಟ್ಟ ಆರು ತಿಂಗಳ ಗಡುವು ಮುಗಿದು ಎಷ್ಟೋ ಮದುವೆಗಳ ನಂತರ.

ಈಗ ನನ್ನ ಮೊಮ್ಮಕ್ಕಳ ವಯಸ್ಸಿನವರು ಬಣ್ಣದ ಶೂ ಹಾಕಿ ಇದೇ ಮಾರ್ಗದಲ್ಲಿ ಓಡುತ್ತಾರೆ. ತಂಗಿಯ ಮದುವೆಯ ನಂತರ ಭಟ್ರ ಜೊತೆ ಸ್ವಲ್ಪ ಸಮಯ ನಾನೂ ಓಡಿದವನಾದ್ದರಿಂದ, ನೀವು ಕೇಳದಿದ್ದರೂ ನಾಲ್ಕು ಮಾತು ಹೇಳುತ್ತೇನೆ. ಶೂವನ್ನು ಸಾಯಂಕಾಲ ಹೋಗಿ ತೆಗೆದುಕೊಳ್ಳಿ, ಬೆಳಗ್ಗೆ ಬೇಡ. ದಿನವಿಡೀ ನಿಂತು ನಡೆದ ಪಾದ ಸ್ವಲ್ಪ ಊದಿರುತ್ತದೆ, ಅದಕ್ಕೆ ಆಗುವ ಶೂ ಹಿಮ್ಮಡಿ ಸುಲಿಯುದಿಲ್ಲ. ಹೊರಡುವ ಮೊದಲು ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗಿ. ಜೊತೆಯವನ ಹತ್ತಿರ ಸಾಂಬಾರಿಗೆ ಸೌತೆಯೋ ಕುಂಬಳವೋ ಎಂದು ಜಗಳ ಮಾಡಲು ಆಗುವಷ್ಟು ನಿಧಾನವಾಗಿ ಓಡಿ. ಜಗಳ ಮಾಡಲು ಆಗದಿದ್ದರೆ ಬೆಂಕಿ ಹೆಚ್ಚಾಗಿದೆ. ಈಗಿನ ದೂರ ಸಪ್ಪೆ ಎನಿಸುವವರೆಗೆ ಮುಂದಿನದಕ್ಕೆ ಕಣ್ಣು ಹಾಕಬೇಡಿ, ಯಾರೇ ಏನೇ ಹೇಳಲಿ, ನಾನು ಹೇಳಿದರೂ ಸರಿ. ಕಾಲು ಒಲ್ಲೆ ಎಂದ ದಿನ ನಡೆಯಿರಿ. ಊರಿನ ಎದುರು ನಾಚಿಕೆ ಬೇಡ. ನಡೆದ ದಾರಿಯನ್ನು ನಡೆದೆ ಎಂದೇ ಹೇಳಿ. ಉಳಿದ ದೂರಕ್ಕೆ ಇನ್ನೊಂದು ಬೆಳಗ್ಗೆ ಉಂಟು.